ಹದಿನಾರರ ಮಗ್ಗಿಯ ಬಸ್ಸು

ಮೊನ್ನೆ ಮೊಮ್ಮಗಳು ಸ್ಲೇಟಿಗೆ ಉಗುಳು ಹಚ್ಚಿ ಅಂಗೈಯಲ್ಲಿ ಒರೆಸಿದಳು. ಒದ್ದೆ ಬಟ್ಟೆ ತಾ ಎಂದು ಗದರಿದೆ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಲೆಕ್ಕದ ಮೇಷ್ಟ್ರು ಕಣ್ಣೆದುರು ಬಂದು ನಿಂತರು...

ಐವತ್ತರ ದಶಕದ ಮಾತು. ಚನ್ನರಾಯಪಟ್ಟಣದಿಂದ ಬಾಗೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಸಂಜೆ ಶಾಲೆ ಬಿಡುವ ಮುಂಚೆ ಎಲ್ಲರೂ ಸಾಲಾಗಿ ನಿಂತು ರಾಗವಾಗಿ ಮಗ್ಗಿ ಹೇಳಬೇಕು. ಮೇಷ್ಟ್ರು ಮೇಜು ಕುಟ್ಟಿ ತಾಳ ಹಾಕುವರು. ನನಗೆ ರಾಗ ಬಂತು, ತಾಳ ಬಂತು; ಲೆಕ್ಕ ಮಾತ್ರ ಬರಲಿಲ್ಲ. ಯಾವ ಮಗ್ಗಿಯಾದರೂ ಒಂದರಿಂದ ಹೊರಟರೆ ಹತ್ತು ಮುಟ್ಟುತ್ತಿದ್ದೆ. ನಡುವಿನದೊಂದನ್ನು ಕೇಳಿದರೆ ಕಣ್ಣು ಕಣ್ಣು ಬಿಡುತ್ತಿದ್ದೆ.

ಆ ವರ್ಷ ಇನ್‌ಸ್ಪೆಕ್ಟರು ಬರುವವರಿದ್ದರು. ಪಾಸು ಫೇಲು ಅವರ ಕೈಯಲ್ಲಿ. “ಲೆಕ್ಕದಾಗೆ ಪಾಸಾದ್ರೆ ಮುಂದಕ್ಕೋದು. ಇಲ್ದಿದ್ರೆ ಸಗಣಿ ಬಾಚ್ಕಂಡು ಮನೇಲಿರು” ಎಂದು ಅಪ್ಪ ಹೇಳಿಬಿಟ್ಟಿದ್ದರು.

ಇನ್‌ಸ್ಪೆಕ್ಟರು ನನ್ನನ್ನೇ ಎಬ್ಬಿಸಿದರು. “ಹದಿನಾರೆಂಟ್ಲ?”

“ಹದಿನಾರೊಂದ್ಲ ಹದಿನಾರು...” ರಾಗ ತೆಗೆದೆ.

“ನಾನು ಕೇಳಿದ್ದು ಎಂಟ್ಲ.”

ರಾಗ ಕಡಿಯಿತು. ಮತ್ತೆ ಒಂದರಿಂದ ಹೊರಟೆ. ಅವರು ಮತ್ತೆ ತಡೆದರು. ಕಣ್ಣಲ್ಲಿ ನೀರು ತುಂಬಿತು. ಮುಂದಿನದೆಲ್ಲ ಸಗಣಿಯೇ ಎಂದುಕೊಂಡೆ.

ಆಗ ಮೇಷ್ಟ್ರು ಕೈಮುಗಿದರು. “ಸಾ, ಇದು ಬಾಗೂರು ಬಸ್ಸು. ಸ್ಟ್ಯಾಂಡಿಂದ್ಲೇ ಒರಡ್ಬೇಕು. ದಾರೀಲಿ ಕೈ ಅಡ್ಡ ಆಕ್ಬೇಡಿ, ಬತ್ತದೆ.”

ಇನ್‌ಸ್ಪೆಕ್ಟರ ಮೀಸೆ ಅಲ್ಲಾಡಿತು. ಬರಲಿ ಎಂದು ಕೈಯಾಡಿಸಿದರು. ಮೇಷ್ಟ್ರು ಮೆಲ್ಲಗೆ ಮೇಜು ಕುಟ್ಟಿದರು. ನಾನು ಹೊರಟೆ, ಹದಿನಾರೆಂಟ್ಲ ನೂರಿಪ್ಪತ್ತೆಂಟು ಬಂದೇ ಬಂತು. ಆದರೆ ನಿಲ್ಲಲಿಲ್ಲ.

“ಸಾಕು, ನಿಲ್ಸಮ್ಮ!” ಎಂದರು ಇನ್‌ಸ್ಪೆಕ್ಟರು.

“ಬ್ರೇಕಿಲ್ಲ ಸಾ” ಎಂದರು ಮೇಷ್ಟ್ರು. “ಒಂಬತ್ತು, ಅತ್ತು ಮುಟ್ಟಿ ತಾನೇ ನಿಂತ್ಕತದೆ.”

ಪಾಸಾದೆ. ಓದಿದೆ. ಅರಕಲಗೂಡಿನಲ್ಲಿ ಸಂಸಾರ ಹೂಡಿದೆ. ಏಳುವುದು, ತಿಂಡಿ, ಊಟ ಎಲ್ಲ ಗಡಿಯಾರದಂತೆ. ಮದುವೆ ಮನೆಯಲ್ಲಿ ಇಷ್ಟು ಪಂಕ್ತಿಗೆ ಎಷ್ಟು ಎಲೆ ಎಂದು ಯಾರಾದರೂ ಕೇಳಿದರೆ ಮಾತ್ರ ನನ್ನ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗುವುದು. “ಅಕ್ಕನ ಭಜನೆ ಸುರುವಾತು ಕಣ್ರೇ!” ಎಂದು ಓರಗಿತ್ತಿ ಕೂಗುವಳು. ಅಲ್ಲಿಗೆ ರಾಗ ಕಡಿದು, ಎಲೆ ಕಡಿಮೆ ಬೀಳುವುದು.

ಮೇಷ್ಟ್ರು ಹೋಗಿ ಎಷ್ಟೋ ಕಾಲವಾಯಿತು. ಸುದ್ದಿ ನನಗೆ ತಲುಪಿದ್ದು ತಿಥಿಯೆಲ್ಲ ಮುಗಿದ ಮೇಲೆ...

ಮೊಮ್ಮಗಳು ಒರೆಸಿದ ಸ್ಲೇಟು ಮುಂದಿಟ್ಟಳು. “ಅಜ್ಜಿ, ಹದಿನಾಲ್ಕೊಂಬತ್ಲ ಎಷ್ಟು?”

ಹೊರಟೆ. ಏಳರ ಹತ್ತಿರ ಬಂದಿದ್ದೆ, “ಅಮ್ಮ, ಕಾಫಿ ಆಯ್ತಾ?” ಎನ್ನುತ್ತಾ ಮಗ ಒಳಗೆ ಬಂದ. ಕೈ ಅಡ್ಡ ಹಾಕಬೇಡ ಎಂದು ಅವನಿಗೆ ಹೇಳಲು ಯಾರೂ ಇರಲಿಲ್ಲ.

ಸ್ಟ್ಯಾಂಡಿಗೆ ವಾಪಸು ಬಂದು, ಮೇಜು ನಾನೇ ಕುಟ್ಟಿಕೊಂಡು, ಮತ್ತೆ ಹೊರಟೆ.