ಕೆಡದ ಕಂಪ್ಯೂಟರು, ಅರ್ಧಕ್ಕೆ ನಿಂತ ಕೌದಿ

ನಮ್ಮ ಮನೆಯ ಕಂಪ್ಯೂಟರು ಕೆಡುವುದನ್ನು ನಿಲ್ಲಿಸಿದಾಗ ಎಲ್ಲರಿಗಿಂತ ಹೆಚ್ಚು ಬೇಸರವಾದದ್ದು ನನ್ನ ಅತ್ತೆಗೆ. ಅವರು ಅದನ್ನು ಒಂದು ದಿನವೂ ಮುಟ್ಟಿದವರಲ್ಲ.

ನಾನು ರಾಜ್ಯದ ಗಡಿಯಾಚೆ ಉಮದಿಯ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕಿ. ಪಾಠ ಕನ್ನಡದಲ್ಲಿ, ಮೇಲಿನ ಕಚೇರಿಗೆ ಹೋಗುವ ಕಾಗದವೆಲ್ಲ ಮರಾಠಿಯಲ್ಲಿ. ಎರಡೂ ಲಿಪಿಗಳಲ್ಲಿ ಟೈಪು ಮಾಡುವ ಕೆಲಸ ಹೇಗೋ ನನ್ನ ಪಾಲಿಗೇ ಬಂದಿತ್ತು. ಅದಕ್ಕೆಂದು ಯಾರೋ ಬಳಸಿ ಬಿಟ್ಟಿದ್ದ ಕಂಪ್ಯೂಟರೊಂದನ್ನು ತಂದು ಪಡಸಾಲೆಯಲ್ಲಿ ಇಟ್ಟುಕೊಂಡಿದ್ದೆ. ಅದರೊಳಗೆ ಇದ್ದದ್ದು ಎಲ್ಲಿಂದಲೋ ನಕಲು ಮಾಡಿ ಹಾಕಿದ್ದ ಹಳೆಯ ವ್ಯವಸ್ಥೆ. ಶಾಲೆಯ ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು, ವೈರಸ್ಸು ಅಂಟಿಕೊಳ್ಳುತ್ತಿತ್ತು. ನಾನು ಬರೆದಿಟ್ಟ ಕನ್ನಡ ಮರುದಿನ ತೆರೆದರೆ ಒತ್ತಕ್ಷರಗಳೆಲ್ಲ ಕಳಚಿ ಬಿದ್ದು ಚೌಕಗಳ ಸಾಲಾಗಿರುತ್ತಿತ್ತು. ಅವಸರದ ಕೆಲಸವಿದ್ದ ದಿನವಂತೂ ಪರದೆ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು.

ಆಗೆಲ್ಲ ಜತ್ತದಿಂದ ಒಬ್ಬಳು ಬರುತ್ತಿದ್ದಳು. ಶೇಗಾಂವದಲ್ಲಿ ಹುಟ್ಟಿ ಬೆಳೆದವಳು. ಜತ್ತದಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು ಹುಡುಗಿಯರಿಗೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು, ಬಿಡುವಿನಲ್ಲಿ ರಿಪೇರಿಯನ್ನೂ ಮಾಡುತ್ತಿದ್ದಳು. ಮೂವತ್ತು ದಾಟಿದ ವಯಸ್ಸು. ತಾಯಿ ತೀರಿಕೊಂಡ ಮೇಲೆ ಅದೇ ಖೋಲಿಯಲ್ಲಿ ಒಬ್ಬಳೇ ಇದ್ದಳು. ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು ಬಸ್ಸಿಳಿದು ಬಂದು, ನೀರು ಕುಡಿದು, ನೇರವಾಗಿ ಕಂಪ್ಯೂಟರಿನ ಮುಂದೆ ಕೂರುವಳು. ಆದರೆ ಆ ರಿಪೇರಿಯಲ್ಲಿ ಕೈಕೆಲಸ ಕಡಿಮೆ, ಕಾಯುವುದೇ ಹೆಚ್ಚು. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು, ಅದು ಮುಗಿಯುವವರೆಗೆ ಪರದೆ ನೋಡುತ್ತ ಕೂರಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ಅತ್ತೆ ಅದೇ ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹರವಿಕೊಂಡು ಕೌದಿ ಹೊಲಿಯುತ್ತಿದ್ದರು. ಯಾರೇ ಆಗಲಿ ಕೈಕಟ್ಟಿ ಕೂತರೆ ಅವರಿಗೆ ಆಗದು. ಒಂದು ದಿನ ಅವಳ ಕೈಗೆ ಸೂಜಿ ಕೊಟ್ಟೇಬಿಟ್ಟರು.

“ಹಂಗ ಕಣ್ಣ ಬಿಟ್ಟು ನೋಡಿದ್ರ ಅದೇನ ಲಗೂನ ಓಡತೈತೇನು? ಹಿಡಿ ಇದನ್ನ.”

“ಆಯೀ, ನನಗ ಹೊಲ್ಯಾಕ ಬರೂದಿಲ್ಲರಿ.”

“ನನಗೇನ ತಾಯಿ ಹೊಟ್ಟಿಯಾಗಿಂದ ಬಂದಿತ್ತೇನು? ಕುಂದರ ಇಲ್ಲೆ.”

ಅವಳು ಹಾಕಿದ ಮೊದಲ ಸಾಲು ಡೊಂಕಾಗಿತ್ತು. ಅತ್ತೆ ಅದನ್ನು ಬಿಚ್ಚಿಸಲಿಲ್ಲ. “ಇರಲಿ, ಹೊಚ್ಚಿಕೊಂಡವರಿಗೆ ಥಂಡಿ ಹತ್ತೂದಿಲ್ಲ” ಅಂದರು. ಆಮೇಲೆ ಅದೇ ರೂಢಿಯಾಯಿತು. ಒಂದು ಕಡೆ ಕಂಪ್ಯೂಟರು ತನ್ನ ಪಾಡಿಗೆ ಗುರುಗುಡುತ್ತಿದ್ದರೆ ಇನ್ನೊಂದು ಕಡೆ ಇವರಿಬ್ಬರು ಕೌದಿಯ ಎರಡು ಅಂಚು ಹಿಡಿದು ಕೂರುತ್ತಿದ್ದರು. ಅತ್ತೆ ತವರೂರು ದರಿಬಡಚಿಯ ಸುದ್ದಿ ಹೇಳುವರು. ಅವಳು ತನ್ನ ತಾಯಿಯ ಸುದ್ದಿ ತೆಗೆಯುವಳು. ಅವಳು ತಾಯಿಯ ಮಾತನ್ನು ಬೇರೆ ಎಲ್ಲಿಯೂ ಆಡುತ್ತಿರಲಿಲ್ಲ ಎನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ.

ಒಮ್ಮೆ ಪರೀಕ್ಷೆಯ ಹಿಂದಿನ ವಾರ ನಾನು ಮಾಡಿಟ್ಟಿದ್ದ ಪ್ರಶ್ನೆಪತ್ರಿಕೆಗಳೆಲ್ಲ ಮಾಯವಾದವು. ನಾನು ಅಳುವುದೊಂದೇ ಬಾಕಿ. ಅವಳಿಗೆ ಸಿಟ್ಟು ಬಂತು, ನನ್ನ ಮೇಲಲ್ಲ, ಯಂತ್ರದ ಮೇಲೆ.

“ಅಕ್ಕೋರ, ಇದಕ್ಕ ಇನ್ನ ಔಷಧ ಹಾಕೂದು ಸಾಕು. ಈ ಹಳೇ ವ್ಯವಸ್ಥಾ ತಗದು ಲಿನಕ್ಸ್ ಹಾಕಿಬಿಡತೀನಿ. ಪುಕ್ಕಟ ಸಿಗತೈತಿ, ಭಾಳ ಚಲೋ ಐತಿ. ಆದ್ರ ಆಮ್ಯಾಲ ನನಗ ಇಲ್ಲೆ ಕೆಲಸ ಉಳಿಯೂದಿಲ್ಲ ನೋಡ್ರಿ.”

ನಗುತ್ತಲೇ ಅಂದಳು. ನಾನೂ ನಕ್ಕೆ. ಪರದೆಯ ಮೇಲೆ ಅವಳು ತೋರಿಸಿದ, ಲಿನಕ್ಸಿನ ಗುರುತಾದ ಪೆಂಗ್ವಿನ್ ಚಿತ್ರವನ್ನು ಅತ್ತೆ ಬಗ್ಗಿ ನೋಡಿ, “ಇದ್ಯಾವ ಹಕ್ಕಿನೋ ಯವ್ವಾ? ಹೊಟ್ಟಿತುಂಬ ಉಂಡು ನಿಂತಂಗೈತಿ. ಇದೇನ ಕೆಲಸ ಮಾಡತೈತಿ?” ಅಂದರು.

ಮಾಡಿತು. ಅದರ ಗುಣಗಾನ ಮಾಡೋಣವೆಂದರೆ ಹೇಳುವುದಕ್ಕೆ ಏನೂ ಇಲ್ಲ, ಅದೇ ಅದರ ದೊಡ್ಡ ಗುಣ. ಗುಂಡಿ ಒತ್ತಿದರೆ ಏಳುತ್ತದೆ, ಮುಗಿಸಿದರೆ ಮಲಗುತ್ತದೆ. ಒಂದು ಕೀಲಿ ಒತ್ತಿ ಕನ್ನಡದಿಂದ ಮರಾಠಿಗೆ ಹೋಗಬಹುದು, ನಮ್ಮೂರಿನವರು ಅಂಗಡಿಯ ಮುಂದೆ ಭಾಷೆ ಬದಲಿಸುವಷ್ಟೇ ಸಲೀಸಾಗಿ. ಒತ್ತಕ್ಷರಗಳು ಇಟ್ಟಲ್ಲೇ ಇರುತ್ತವೆ. ಪೆನ್‌ಡ್ರೈವಿನ ಹಳೆಯ ರೋಗಗಳು ಇದಕ್ಕೆ ತಟ್ಟುವುದೇ ಇಲ್ಲ.

ಇದರಿಂದ ಶಾಲೆಯಲ್ಲಿ ನನ್ನ ಮರ್ಯಾದೆ ಸ್ವಲ್ಪ ಕಡಿಮೆಯೇ ಆಯಿತು. ಊಟದ ಬಿಡುವಿನಲ್ಲಿ ಎಲ್ಲರೂ ತಮ್ಮ ತಮ್ಮ ಕಂಪ್ಯೂಟರಿನ ಸಂಕಟವನ್ನು, ಸೊಂಟನೋವು ಹೇಳಿಕೊಂಡ ಹಾಗೆ, ಸಾವಕಾಶವಾಗಿ ಹೇಳಿಕೊಳ್ಳುತ್ತಾರೆ. “ನಿಮ್ದು ಹ್ಯಾಂಗೈತ್ರಿ?” ಅಂತ ನನ್ನ ಕಡೆ ತಿರುಗಿದರೆ “ಚಲೋ ಐತ್ರಿ” ಅನ್ನದೆ ಬೇರೆ ಮಾತಿಲ್ಲ. ಸೊಕ್ಕಿನವಳು ಅನ್ನುವ ಹಾಗೆ ನೋಡಿ ಮತ್ತೆ ತಮ್ಮ ಮಾತಿಗೆ ತಿರುಗುತ್ತಾರೆ.

ಮನೆಯಲ್ಲಿ ಕೌದಿ ಮಡಚಿ ಮೂಲೆ ಸೇರಿತು. ಅರ್ಧದಷ್ಟೂ ಆಗಿರಲಿಲ್ಲ. ಒಬ್ಬರೇ ಹೊಲಿಯಬಹುದಿತ್ತಲ್ಲ ಎಂದರೆ ಅತ್ತೆ ಕಣ್ಣು ಮಂಜೆನ್ನುವರು, ಬಿಸಿಲೆನ್ನುವರು. ದಿನ ಕಳೆದಂತೆ ಅವರಿಗೆ ಕಂಪ್ಯೂಟರಿನ ಆರೋಗ್ಯದ ಮೇಲೆ ಬಹಳ ಕಾಳಜಿ ಬಂತು.

“ಅದು ಇನ್ನಾ ಕೆಡಲಿಲ್ಲೇನು?”

“ಇಲ್ಲ ಅತ್ತೀ.”

“ಭಾಳ ದಿನ ಆತು. ಒಮ್ಮಿ ತೋರಸೂದು ಬ್ಯಾಡೇನು?”

ನನಗೆ ಅರ್ಥವಾಗದೆ ಇರಲಿಲ್ಲ. ಫೋನು ಕೈಗೆತ್ತಿಕೊಂಡು ಇಟ್ಟೂ ಇದ್ದೇನೆ. ಏನೆಂದು ಕರೆಯುವುದು? ಅವಳಿಗೆ ಕ್ಲಾಸಿದೆ, ಬಸ್ಸಿನ ದಾರಿ ಇದೆ. ಕೆಲಸವಿದ್ದಾಗ ಸಲೀಸಾಗಿ “ಬಾ” ಎನ್ನುತ್ತಿದ್ದ ನಾಲಿಗೆಗೆ ಕೆಲಸವಿಲ್ಲದಾಗ ಸಂಕೋಚ. ಆ ಹಾಳು ಯಂತ್ರದ ನೆಪದಲ್ಲಿ ನಮ್ಮ ಪಡಸಾಲೆಯಲ್ಲಿ ಏನೇನು ನಡೆದಿತ್ತೆಂದು ಆಗ ಯೋಚಿಸತೊಡಗಿದೆ. ತೊಂದರೆ ಹೋದದ್ದು ನಿಜ. ಅದರ ಜೊತೆಗೇ ಒಬ್ಬ ಹೆಣ್ಣುಮಗಳೂ ಹೋಗಿದ್ದಳು. ಅವಳನ್ನು ತಿರುಗಿ ಕರೆಯುವುದು ಯಂತ್ರದ ಕೈಯಲ್ಲಿ ಇರಲಿಲ್ಲ.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದರೆ ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಚೀಲ ಬಿಚ್ಚಿತ್ತು, ಮುಖದಲ್ಲಿ ಗಲಿಬಿಲಿ. ಪಕ್ಕದ ಮನೆಯವರ ಫೋನಿನಿಂದ ಅತ್ತೆಯೇ ಕರೆಸಿದ್ದರು.

“ಅಕ್ಕೋರ, ಎಲ್ಲಾ ಬರೋಬರಿ ಐತಲ್ರಿ. ಪೂರಾ ಕೆಟ್ಟೈತಿ, ಲಗೂನ ಬಾ ಅಂದಿದ್ರು ಆಯಿ. ಆಯೀ, ಏನ್ ಕೆಟ್ಟೈತ್ರಿ?”

ಅತ್ತೆ ಒಳಗಿನಿಂದ ಚಹಾ ತಂದು ಇಟ್ಟರು. “ಏನೂ ಕೆಟ್ಟಿಲ್ಲ. ಇದು ಕೆಡೂ ಹಂಗ ಕಾಣೂದಿಲ್ಲ. ಅದಕ್ಕ ನಾನ ಸುಳ್ಳ ಹೇಳಿದ್ನಿ.”

ಅವಳು ಬಿಚ್ಚಿದ್ದ ಚೀಲವನ್ನು ಮುಚ್ಚಿದಳು. ಆಮೇಲೆ ತಲೆ ತಗ್ಗಿಸಿಕೊಂಡೇ ಅಂದಳು: “ಮೊನ್ನಿ ಉಮದಿ ಬಜಾರಕ್ಕ ಬಂದಿದ್ನಿರಿ. ನಿಮ್ಮ ಓಣಿ ತನಕಾ ಬಂದು ತಿರಗಿ ಹೋದ್ನಿ. ಕೆಲಸ ಇಲ್ಲದ ಹ್ಯಾಂಗ ಬರೂದು ಅನಸ್ತು.”

“ನಾ ಏನ ನಿನ್ನ ಚೀಲಕ್ಕ ಬಾ ಅಂತಿದ್ನೇನು? ನಿನಗ ಬಾ ಅಂತಿದ್ನಿ” ಅಂದರು ಅತ್ತೆ, ಗದರಿಸುವ ದನಿಯಲ್ಲಿ. ಅವಳ ಕಣ್ಣು ತುಂಬಿದ್ದನ್ನು ನೋಡದವರಂತೆ ಮೂಲೆಗೆ ಹೋಗಿ ಕೌದಿ ಎಳೆದುಕೊಂಡು ಬಂದರು.

ಆ ಮಧ್ಯಾಹ್ನ ನಾನೂ ಒಂದು ಅಂಚು ಹಿಡಿದು ಕೂತೆ. ಕಂಪ್ಯೂಟರನ್ನು ಆರಿಸಿದ್ದೆವು. ಚಳಿ ಹಿಡಿಯುವ ಮೊದಲೇ ಕೌದಿ ಮುಗಿದು ಅವಳ ಜತ್ತದ ಖೋಲಿಗೆ ಹೋಯಿತು.

ಈಗ ಅವಳು ಬರಿಗೈಯಲ್ಲಿ ಬರುತ್ತಾಳೆ, ಬರಲಾಗದ ವಾರ ಫೋನು ಮಾಡುತ್ತಾಳೆ. ಲಗ್ನಕಾರ್ಯಗಳಿಗಲ್ಲದೆ ಬಸ್ಸು ಹತ್ತದಿದ್ದ ಅತ್ತೆ ಕಳೆದ ತಿಂಗಳು ತಾವಾಗಿ ಜತ್ತಕ್ಕೆ ಹೊರಟರು. ಅವಳ ಕ್ಲಾಸಿನಲ್ಲಿ ಹುಡುಗಿಯರ ನಡುವೆ ಸಂಜೆಯವರೆಗೆ ಕೂತಿದ್ದರಂತೆ. ತಿರುಗಿ ಬಂದು ಕಾಲು ತೊಳೆಯುತ್ತ ಹೇಳಿದರು:

“ಖೋಲಿ ಸಣ್ಣದೈತಿ. ಗಾಳಿ ಮಾತ್ರ ಚಲೋ ಬರತೈತಿ.”