ಮಾಳಪ್ಪ ಯಾಕ ಬಂದಿಲ್ಲ?

ನವನಗರದ ನನ್ನ ರೆಕಾರ್ಡಿಂಗ್ ಸ್ಟುಡಿಯೊಗೆ ರಾಮಥಾಳದ ಕಡೆಯ ಡೊಳ್ಳಿನ ಮೇಳ ಬಂದಿತ್ತು. ದೇವರು ಬೀರಪ್ಪನ ಹಾಡು. ಐವರಿಗೂ ಬೇರೆ ಬೇರೆ ಮೈಕು ಕೊಟ್ಟಿದ್ದೆ. ಅವರು ಹೋದ ಮೇಲೆ ಕಂಪ್ಯೂಟರಿನಲ್ಲಿ ನೋಡಿದರೆ, ತಾಳ ಹಾಕುವ ಮಾಳಪ್ಪಜ್ಜನ ಪ್ರತಿ ಪೆಟ್ಟೂ ಡೊಳ್ಳಿಗಿಂತ ಕೂದಲೆಳೆಯಷ್ಟು ಹಿಂದೆ. ಪಾಪ, ವಯಸ್ಸಾಗಿದೆ ಅಂತ ಅವನ ತುಣುಕುಗಳನ್ನೆಲ್ಲ ಒಂದೊಂದಾಗಿ ಎಳೆದು ಪರದೆಯ ಮೇಲೆ ಡೊಳ್ಳಿನ ಪೆಟ್ಟಿನ ಗೆರೆಗೆ ಕೂರಿಸಿದೆ. ಯಾರಿಗೂ ಹೇಳಲಿಲ್ಲ.

ಮರುದಿನ ಎಲ್ಲರೂ ಬಂದು ಕೇಳಿದರು. ಹಾಡು ಮುಗಿದ ಮೇಲೆ ಮೇಳದ ಹಿರಿಯ ಸಿದ್ದಪ್ಪ, "ಚಲೋ ಐತ್ರಿ. ಆದ್ರ ಮಾಳಪ್ಪ ಯಾಕ ಬಂದಿಲ್ಲ?" ಅಂದ.

ಮಾಳಪ್ಪಜ್ಜ ಅವನ ಪಕ್ಕದಲ್ಲೇ ಕೂತಿದ್ದ. "ನಾನೂ ಅದನ್ನ ಹುಡುಕಾಕತ್ತೇನಿ. ನಿನ್ನೆ ನಾ ಬಂದಿದ್ನಲ್ರಿ?" ಅಂತ ನನ್ನನ್ನೇ ಕೇಳಿದ.

"ತಾಳ ಕೇಳಸಾಕತ್ತೈತಲ್ರಿ," ಅಂದೆ.

"ತಾಳ ಐತಿ. ಹಾಕಾಂವ ಬ್ಯಾರೆ ಯಾಂವೋ," ಅಂದ ಸಿದ್ದಪ್ಪ.

ಪೆಟ್ಟುಗಳನ್ನು ಎಳೆದು ಕೂರಿಸಿದ್ದನ್ನು ಒಪ್ಪಿಕೊಂಡೆ. ಅಜ್ಜನ ಮುಖ ಸಣ್ಣದಾಯಿತು. "ಮೂವತ್ತು ವರ್ಷ ಹಿಂಗ ಹೊಡದೇನಿ. ಯಾರೂ ನನ್ನ ಎಳದಿರ್ಲಿಲ್ಲ."

ಮೊದಲಿನ ರೆಕಾರ್ಡಿಂಗನ್ನು ನಾನು ಉಳಿಸಿಕೊಂಡಿರಲಿಲ್ಲ. ಹೀಗಾಗಿ ಇಬ್ಬರೂ ನನ್ನ ಅಕ್ಕಪಕ್ಕ ಕೂತರು, ನಾನು ಪೆಟ್ಟುಗಳನ್ನು ಹಿಂದೆ ಸರಿಸತೊಡಗಿದೆ.

"ಇನ್ನಷ್ಟ ಸರಸ್ರಿ," ಅಂದ ಅಜ್ಜ.

ಸರಿಸಿದೆ.

"ಭಾಳ ಆತು. ಇದು ಕುಡದಾಗಿನ ಮಾಳಪ್ಪ," ಅಂದ ಸಿದ್ದಪ್ಪ.

ಕೊನೆಗೊಮ್ಮೆ ಅಜ್ಜ ಕಣ್ಣು ಮುಚ್ಚಿ ಕೈ ಎತ್ತಿದ. "ಹಾಂ. ಈಗ ಬಂದೆ ನೋಡ್ರಿ."

ಅವನನ್ನು ಗೆರೆಗೆ ತರಲು ನನಗೆ ಒಂದು ತಾಸು ಹಿಡಿದಿತ್ತು. ಸರಿಯಾಗಿ ತಡ ಮಾಡಲು ಇಡೀ ದಿನ ಬೇಕಾಯಿತು.