ಮೇಡಂಗೆ ಯಾಕೆ ತ್ರಾಸು

ಮುಂಜಾನೆ ಹೆಂಡತಿ ಮಗಳ ಡಬ್ಬಿಗೆ ರೊಟ್ಟಿಯ ಜೊತೆ, ನಮ್ಮ ಕಡೆ ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ ಹಾಕುತ್ತಿದ್ದಳು. ಆಳಂದದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಮಗಳಿಗೆ ಮೊದಲ ದಿನ, ನಿಂಬರ್ಗಾದಿಂದ ಬಸ್ಸು ಹಿಡಿಯಬೇಕು. ಹಿಂಡಿಯ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಂದದ್ದೇ ತಡ, ಜೇವರ್ಗಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದನ್ನೇ ಎಲ್ಲರಿಗೂ ಹಂಚಿ ಕೊನೆಗೆ ತಾವು ಉಣ್ಣುತ್ತಿದ್ದ ಮೇಡಂ ನೆನಪಾದರು...

ನಾನು ಅಲ್ಲಿ ಹೊಸಬ. ಮೊದಲ ಪಾಠಕ್ಕೇ ಬೆವತು ಹೊರಗೆ ಬಂದವನನ್ನು ಕೂರಿಸಿಕೊಂಡು, ತರಗತಿಯನ್ನು ಹೇಗೆ ಹಿಡಿಯಬೇಕೆಂದು ಕಲಿಸಿದವರು ಅವರೇ. ಇಬ್ಬರದೂ ಇತಿಹಾಸ, ಇಬ್ಬರಿಗೂ ತಾಸಿನ ಲೆಕ್ಕದ ಪಗಾರ. ಆದರೆ ಮೇಡಂ ನೆಲೋಗಿಯಿಂದ ಬರುತ್ತಿದ್ದರು. ಹೆಣ್ಣುಮಗಳು, ಬೇಗ ಮನೆ ಸೇರಲಿ ಎಂದು ಪ್ರಿನ್ಸಿಪಾಲರು ಅವರಿಗೆ ಮುಂಜಾನೆಯ ತಾಸುಗಳನ್ನಷ್ಟೇ ಕೊಟ್ಟು, ಉಳಿದದ್ದೆಲ್ಲ ನನಗೆ ಹಾಕಿದ್ದರು. ನನ್ನ ಪಗಾರ ಅವರದರ ದುಪ್ಪಟ್ಟಾಯಿತು. ಅದನ್ನು ನಾವೆಲ್ಲ ಹೆಣ್ಣುಮಕ್ಕಳಿಗೆ ಕೊಡುವ ಮರ್ಯಾದೆ ಎಂದೇ ತಿಳಿದಿದ್ದೆವು.

ಒಂದು ವರ್ಷ ಅವರ ಗಂಡ ಹಾಸಿಗೆ ಹಿಡಿದರು. ಮನೆ ಮೇಡಂ ಮೇಲೆ ಬಿತ್ತು. ಗಂಡನನ್ನೂ ಕರಕೊಂಡು ಬಂದು ಜೇವರ್ಗಿಯಲ್ಲೇ ಬಾಡಿಗೆ ಖೋಲಿ ಹಿಡಿದರು. ವೇಳಾಪಟ್ಟಿ ಮಾಡುವ ದಿನ ಪ್ರಿನ್ಸಿಪಾಲರ ಮುಂದೆ ನಿಂತು, "ಈಗ ನನಗ ಬಸ್ಸಿನ ಚಿಂತಿ ಇಲ್ರಿ ಸರ್. ಮಧ್ಯಾಹ್ನದ ತಾಸು ನನಗೂ ಕೊಡ್ರಿ" ಅಂದರು.

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಾನು ಹೂಂ ಅಂದಿದ್ದರೆ ಸಾಕಿತ್ತು.

"ಮೊದಲೇ ಮನ್ಯಾಗ ಆರಾಮಿಲ್ಲ. ಮೇಡಂಗ ಮತ್ಯಾಕ ತ್ರಾಸ್ರಿ, ಸರ್?" ಅಂದೆ. ಎಷ್ಟು ನಯವಾಗಿ ಅಂದೆ, ಥೂ!

ಮಧ್ಯಾಹ್ನದ ತಾಸುಗಳೆಲ್ಲ ನನಗೇ ಉಳಿದವು. ಮೇಡಂ ಮರುದಿನವೂ ಹಿಂಡಿ ತಂದರು, ನನಗೂ ಹಾಕಿದರು. ನಾಚಿಕೆಗೆಟ್ಟವನು, ಉಂಡೆ. ಆ ವರ್ಷ ಮುಗಿದ ಮೇಲೆ ಅವರು ಕಾಲೇಜಿಗೆ ಬರಲಿಲ್ಲ. ಗೊಬ್ಬೂರಿನ ತವರಿಗೆ ಹೋದರಂತೆ, ಅಲ್ಲೇ ತೀರಿಕೊಂಡರಂತೆ... ಸುದ್ದಿ ತಡವಾಗಿ ಬಂತು. ಬದುಕಿದ್ದಾಗ ಹೋಗಿ ಮಾತಾಡಿಸಿ ಬರಲು ನನಗೆ ಮುಖ ಎಲ್ಲಿತ್ತು?

ಇಂದು ಮಗಳು ಹೊತ್ತಿರುವಾಗಲೇ ಮನೆಗೆ ಬಂದಳು. ಜೊತೆಗೆ ಸೇರಿದ ಹುಡುಗನಿಗೆ ಮಧ್ಯಾಹ್ನದ ತಾಸೆಲ್ಲ ಹಾಕಿದ್ದಾರಂತೆ.

"ಪ್ರಿನ್ಸಿಪಾಲರು ಭಾಳ ಛಲೋ ಅದಾರಪ್ಪ. ಹೆಣ್ಮಕ್ಕಳಿಗೆ ಯಾಕ ತ್ರಾಸು ಅಂತ ನನಗ ಬರೇ ಮುಂಜಾನಿ ತಾಸು ಕೊಟ್ಟಾರ" ಅಂದಳು.

ಛಲೋ ಆಯಿತು ಬಿಡು ಎಂದು ಅವಳವ್ವ ಖಾಲಿ ಡಬ್ಬಿ ಒಳಗೆ ಒಯ್ದಳು. ನಾನು ತಲೆ ಎತ್ತಲಿಲ್ಲ. ಅದು ನನ್ನದೇ ಮಾತು ಎಂದು ಒಪ್ಪಿಕೊಳ್ಳೋಣವೆಂದರೆ ಮೇಡಂ ಇಲ್ಲ. ಮಗಳು ಎದುರಿಗೇ ಇದ್ದಾಳೆ, ನಾಲಿಗೆ ಏಳುತ್ತಿಲ್ಲ.